ಕೊಪ್ಪರಿಗೆಗೆ ಭಾನುವಾರವಿಲ್ಲ

ಮನೆ ಗುಂಡ್ಲುಪೇಟೆಯಲ್ಲಿ. ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಹೋಗಿ ಕಾಲೇಜು ಹುಡುಗರಿಗೆ ಜಗತ್ತಿನ ಧರ್ಮಗಳ ಪಾಠ ಹೇಳುತ್ತೇನೆ. ಭಾನುವಾರ ನಮ್ಮ ಸಣ್ಣ ಸಿಎಸ್‌ಐ ಸಭೆಯಲ್ಲಿ ಉಪದೇಶಿ. ದ್ರಾಕ್ಷಿ ಸುಗ್ಗಿಯಲ್ಲಿ ಮೈಸೂರು ಕಡೆಯ ಗೆಳೆಯನ ಪುಟ್ಟ ವೈನ್ ಘಟಕದಲ್ಲಿ ಕೈಯಾಳು. ಈ ಮೂರನ್ನೂ ಹೇಗೆ ಕೂಡಿಸುತ್ತೀರಿ ಎಂದು ಕೇಳುವವರಿದ್ದಾರೆ. ಕೂಡಿಸಲು ಹೋಗದಿದ್ದುದರಿಂದಲೇ ಮೂರೂ ಉಳಿದಿವೆ. ಇಂಥದ್ದೇ ಪಾಡಿನವರಿಗೆ ಕೆಲವು ಮಾತು:

1. ಮೊದಲು ದ್ರಾಕ್ಷಿಯ ವೇಳಾಪಟ್ಟಿ ಬರೆದುಕೊಳ್ಳಿ. ಪಾಠಕ್ಕೂ ಆರಾಧನೆಗೂ ಗಂಟೆ ಗೊತ್ತಿರುತ್ತದೆ. ಕೊಪ್ಪರಿಗೆಯಲ್ಲಿ ಹುಳಿಯುವ ರಸಕ್ಕೆ ಗೊತ್ತಿಲ್ಲ. ಹುಳಿಯುವಾಗ ಏಳುವ ಅನಿಲ ಸಿಪ್ಪೆಯನ್ನು ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟಿಸುತ್ತದೆ. ದಿನಕ್ಕೆ ಎರಡು ಮೂರು ಸಲ ಅದನ್ನು ಒತ್ತಿ ಮುಳುಗಿಸದಿದ್ದರೆ ಮೇಲ್ಗಡೆ ವಿನೆಗರ್ ವಾಸನೆ ಹಿಡಿಯುತ್ತದೆ. ಭಾನುವಾರದ ಸರದಿ ಗೆಳೆಯನದು, ಇದು ನಾನು ಸೇರುವಾಗಲೇ ಹಾಕಿದ ಷರತ್ತು. ಸಕ್ಕರೆಯ ಲೆಕ್ಕವೂ ಇದೆ: ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ಸಾಮಾನ್ಯವಾಗಿ 16ರಿಂದ 18 ಬ್ರಿಕ್ಸ್, ಶೇ. 12 ಮದ್ಯಾಂಶದ ವೈನ್‌ಗೆ ಅದು ಸಾಲದು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಬಿದ್ದರೆ ಮದ್ಯಾಂಶ ಶೇ. 1ರಷ್ಟು ಏರುತ್ತದೆ. ಈ ಲೆಕ್ಕವನ್ನು ಬಸ್ಸಿನಲ್ಲಿ ಕೂತೇ ಮುಗಿಸಬಹುದು.

2. ತರಗತಿಯಲ್ಲಿ ಉಪದೇಶಿಗೆ ಕುರ್ಚಿ ಹಾಕಬೇಡಿ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಧರ್ಮಗಳ ಬಗ್ಗೆ ಕಲಿಸುವುದು ಬೇರೆ, ಅದಕ್ಕೆ ಅಡ್ಡಿಯಿಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನ್ನ ಅಳತೆ ಇನ್ನೂ ಸರಳ: ಕನಕಗಿರಿ ಕಡೆಯ ಜೈನ ಹುಡುಗಿ ನನ್ನ ಪಾಠ ಕೇಳಿ, ಹೌದು, ಇದು ನಮ್ಮ ಮನೆಯದೇ ಅನ್ನಬೇಕು.

3. ಉದಾಹರಣೆಗೆ ಜೆರುಸಲೇಮಿನವರೆಗೆ ಹೋಗುವ ಮೊದಲು ಜಿಲ್ಲೆ ಸುತ್ತಿ. ಮಲೆಯೂರಿನ ಕನಕಗಿರಿ, ಮಾದಪ್ಪನ ಬೆಟ್ಟ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ, ಸಿದ್ದಪ್ಪಾಜಿಯ ಚಿಕ್ಕಲ್ಲೂರು, ಒಡೆಯರಪಾಳ್ಯದಲ್ಲಿ 1974ರಲ್ಲಿ ನೆಲೆಗೊಂಡ ಟಿಬೆಟನ್ನರ ಧೋಂಡೆನ್‌ಲಿಂಗ್: ಇಷ್ಟು ಹತ್ತಿರದಲ್ಲಿ ಇಷ್ಟು ದಾರಿಗಳು ಸಿಗುವ ಜಾಗ ಅಪರೂಪ. ಒಮ್ಮೆ ಪಾನ ಮತ್ತು ಪಾವಿತ್ರ್ಯದ ಪಾಠ ನಡೆದಿತ್ತು. ಯಹೂದ್ಯರು ಸಬ್ಬತ್ತಿನ ಸಂಜೆ ಎತ್ತುವ ಬಟ್ಟಲು, ಇಸ್ಲಾಮಿನ ನಿಷೇಧ, ಮದ್ಯ ಮಾಂಸ ಮಧು ಮೂರನ್ನೂ ಬಿಡುವ ಶ್ರಾವಕರ ಮೂಲಗುಣ, ಬೌದ್ಧರ ಐದನೇ ಶೀಲ, ಹಾಗಿದ್ದೂ ವಜ್ರಯಾನದ ಕೆಲವು ಪೂಜೆಗಳಲ್ಲಿ ಮದ್ಯದ ಹನಿ, ಎಲ್ಲ ಬೋರ್ಡಿನ ಮೇಲಿತ್ತು. ಹಿಂದಿನ ಬೆಂಚಿನಿಂದ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಮನೆಯ ಹುಡುಗ ಎದ್ದ: "ಸಾ, ನಮ್ಮ ಧರೆಗೆ ದೊಡ್ಡೋರು ಹೆಂಡದ ಗಡಿಗೆ ಹೊತ್ಕಂಡೇ ಕಲ್ಯಾಣಕ್ಕ ಹೋಗಿದ್ದು. ಅದ ಯಾಕ ಬುಟ್ರಿ?" ಧರೆಗೆ ದೊಡ್ಡವರೆಂದರೆ ಮಂಟೇಸ್ವಾಮಿಯೇ. ಅವರು ಆ ಗಡಿಗೆಯಿಂದ ಬಸವಣ್ಣನ ಶರಣರನ್ನೇ ಪರೀಕ್ಷೆಗೆ ಹಚ್ಚಿದ ಕಥೆಯನ್ನು ಹುಡುಗ ಅರ್ಧ ಹೇಳಿ ಅರ್ಧ ಹಾಡಿದ. ಶುದ್ಧ ಯಾವುದು, ಅಶುದ್ಧ ಯಾವುದು, ಅದನ್ನು ಹೇಳುವವರು ಯಾರು? ಈ ಪ್ರಶ್ನೆಗೆ ಆ ಕಥೆಗಿಂತ ಒಳ್ಳೆಯ ಪಠ್ಯ ನನಗೆ ಇನ್ನೂ ಸಿಕ್ಕಿಲ್ಲ. ಈಗ ಆ ಪಾಠ ಕಲ್ಯಾಣದಿಂದಲೇ ಶುರು.

4. ನಮ್ಮ ಸಭೆಯಲ್ಲಿ ಕರ್ತನ ಭೋಜನದ ಮೇಜಿಗೆ ವೈನ್ ಬರುವುದಿಲ್ಲ. ಕ್ಯಾಥೋಲಿಕರ ಬಲಿಪೂಜೆಗೆ ದ್ರಾಕ್ಷಿಯಿಂದಾದ ಅಪ್ಪಟ ವೈನ್ ಬೇಕೇ ಬೇಕು. ಹಳೇ ಮೈಸೂರಿನ ನಮ್ಮಂಥ ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನಲ್ಲಿದೆ. ನಮ್ಮಲ್ಲಿ ಕುದಿಸಿದ ರಸ. ಅಮೆರಿಕದ ಮೆಥೊಡಿಸ್ಟ್ ಥಾಮಸ್ ವೆಲ್ಚ್ 1869ರಲ್ಲಿ ಕರ್ತನ ಭೋಜನಕ್ಕೆಂದೇ ದ್ರಾಕ್ಷಿರಸವನ್ನು ಬಾಟಲಿಯಲ್ಲಿ ಬಿಸಿ ಮಾಡಿ ಹುಳಿಯದಂತೆ ತಡೆದ. ನಾನು ಮಾಡುವುದೂ ಅದನ್ನೇ. ತೊಟ್ಟು ಬಿಡಿಸಿ, ಬೀಜ ಜಜ್ಜದಂತೆ (ಜಜ್ಜಿದರೆ ಒಗರು) ಕೈಯಲ್ಲೇ ಹಿಸುಕಿ, ಸಿಪ್ಪೆ ಬಣ್ಣ ಬಿಡುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಪಂಚೆ ಬಟ್ಟೆಯಲ್ಲಿ ಸೋಸಿ, ಬಿಸಿಯಿರುವಾಗಲೇ ಬಾಟಲಿಗೆ ತುಂಬಿ ಮತ್ತೆ ಬಿಸಿನೀರಿನಲ್ಲಿ ಕೂರಿಸಬೇಕು. ಬಾಟಲಿ ಚಿಕ್ಕದಿರಲಿ. ಮಾರ್ಚಿ ಬಿಸಿಲಲ್ಲಿ ಮುಚ್ಚಳ ತೆಗೆದಿಟ್ಟ ರಸದಲ್ಲಿ ವಾರದ ನಡುವೆಯೇ ಗುಳ್ಳೆ ಏಳುತ್ತದೆ. ವೈನ್ ಗೊತ್ತಿದ್ದವನಿಗೆ ರಸ ಕಾಪಾಡುವುದು ಸುಲಭ, ಶತ್ರುವಿನ ಚಾಳಿ ಗೊತ್ತಿರುತ್ತದಲ್ಲ.

5. ಪರವಾನಗಿ ಇಲ್ಲದ ಕಡೆ ವೈನ್ ಹುಳಿಸಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಗೆ ಕ್ರಿಸ್‌ಮಸ್ ಬಂತೆಂಬ ರಿಯಾಯಿತಿ ಇಲ್ಲ. ಸಭೆಯ ಸುಗ್ಗಿ ಹಬ್ಬದಲ್ಲಿ ನಮ್ಮವರು ಬಾಳೆಗೊನೆ, ಅರಿಸಿನ, ಸಣ್ಣ ಈರುಳ್ಳಿ, ಚೆಂಡು ಹೂ ತಂದು ಹರಾಜಿಗಿಡುತ್ತಾರೆ. "ಅಣ್ಣಾ, ನಿಮ್ದೊಂದು ಬಾಟ್ಲಿ ಇಟ್ರ ಒಳ್ಳೆ ರೇಟು ಬತ್ತದ" ಎಂದು ಪ್ರತಿ ಸಲವೂ ಯಾರಾದರೂ ಕಿವಿಯಲ್ಲಿ ಉಸುರುತ್ತಾರೆ. ದ್ರಾಕ್ಷಿ ಜಾಮ್ ಇಡುತ್ತೇನೆ. ಅದರ ರೇಟೂ ಪರವಾಗಿಲ್ಲ.

6. ಲೆಂಟ್, ಇಂಟರ್ನಲ್ ಪರೀಕ್ಷೆ, ದ್ರಾಕ್ಷಿ ಸುಗ್ಗಿ ಒಂದೇ ವಾರಕ್ಕೆ ಬಿದ್ದಾಗ ಯಾವುದನ್ನು ಬಿಡಬೇಕೆಂದು ಮೊದಲೇ ತೀರ್ಮಾನಿಸಿರಿ. ಸಭೆಯಲ್ಲಿ ಸಾವಾದರೆ ಎಲ್ಲ ಬಿಟ್ಟು ಅಲ್ಲಿಗೆ. ಆಮೇಲೆ ಪಾಠ. ದ್ರಾಕ್ಷಿ ಕಡೆಗೆ. ಗೆಳೆಯ ಗೊಣಗುತ್ತಾನೆ, ಕೂಲಿಗೆ ಬೇರೆಯವರನ್ನು ಕರೆಯುತ್ತಾನೆ. ತೀರಾ ಕೆಟ್ಟರೆ ಆ ರಸ ವಿನೆಗರ್ ಆಗುತ್ತದೆ. ಅದಕ್ಕೂ ಗಿರಾಕಿಗಳಿದ್ದಾರೆ.