ಚುನಾವಣಾ ಪ್ರಚಾರ ಸಭೆ ಮತ್ತು ಕೇಳುಗ: ಸವದತ್ತಿ ಸೀಮೆಯನ್ನು ಅನುಲಕ್ಷಿಸಿ

ಚುನಾವಣಾ ಪ್ರಚಾರ ಸಭೆಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಭಾಷಣಕಾರನ ಮಾತನ್ನೇ ಪಠ್ಯವೆಂದು ಗ್ರಹಿಸುತ್ತವೆ. ಪತ್ರಿಕಾ ವರದಿ ಆ ಮಾತನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿ ಕೊಡುವಾಗ ಕೇಳುಗನ ದನಿ ಮರೆಯಾಗುತ್ತದೆ. ಸಭೆಯಲ್ಲಿ ಖುದ್ದಾಗಿ ಕುಳಿತವರಿಗಷ್ಟೇ ದಕ್ಕುವ ಈ ದನಿಯನ್ನು ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸೀಮೆಯ ಮೌಖಿಕ ಪರಂಪರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಜನ ನೆರೆದು ಕೇಳುವ ರೂಢಿ ರಾಜಕೀಯ ವೇದಿಕೆಗಿಂತ ಹಳೆಯದು. ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳು, ಬೈಲಹೊಂಗಲದ ಘಟನೆಯನ್ನೇ ವಸ್ತುವಾಗಿಸಿಕೊಂಡ ‘ಸಂಗ್ಯಾ ಬಾಳ್ಯಾ’ ಸಣ್ಣಾಟ, ಗೀಗೀ ಮೇಳಗಳು ಆ ರೂಢಿಯನ್ನು ಪೋಷಿಸಿವೆ. ಗೀಗೀಯಲ್ಲಿ ಮುಂದಿನವರು ಹಾಡಿದ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಹರದೇಶಿ–ನಾಗೇಶಿಯಲ್ಲಿ ಒಂದು ಮೇಳ ಒಡ್ಡಿದ ಸವಾಲಿಗೆ ಇನ್ನೊಂದು ಮೇಳ ಜವಾಬು ಹೇಳಲೇಬೇಕು. ಯಾರ ಜವಾಬು ನಿಂತಿತು, ಯಾರದು ಬಿತ್ತು ಎಂದು ತೂಗುವವರು ಸುತ್ತ ಕುಳಿತ ಕೇಳುಗರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಈ ಹಾಡುಗಾರಿಕೆ ರಾಷ್ಟ್ರೀಯ ವಿಚಾರಗಳ ಪ್ರಚಾರಕ್ಕೂ ಬಳಕೆಯಾಯಿತು.

ಇಂದಿನ ಪ್ರಚಾರ ಸಭೆ ಈ ಪರಂಪರೆಯಿಂದ ಹಿಮ್ಮೇಳವನ್ನು ಉಳಿಸಿಕೊಂಡು ಸವಾಲನ್ನು ಕೈಬಿಟ್ಟಿದೆ. ವೇದಿಕೆಯಿಂದ ‘ಹೌದಿಲ್ರಿ?’ ಎಂಬ ಮಾತು ಬಂದಾಗ ‘ಹೌದ್ರಿ’ ಎಂಬ ಉತ್ತರ ಮೊದಲೇ ನಿಶ್ಚಿತವಾಗಿರುತ್ತದೆ. ರೂಪದಲ್ಲಿ ಅದು ಪ್ರಶ್ನೆ. ಕಾರ್ಯದಲ್ಲಿ ಒಪ್ಪಿಗೆಯ ಅಪೇಕ್ಷೆ. ‘ಅಣ್ಣಾರ, ಅಕ್ಕಾರ’ ಎಂಬ ಬಂಧುವಾಚಕಗಳು ಅಂತರವನ್ನು ಕ್ಷಣಕಾಲ ಅಳಿಸುತ್ತವೆಯೇ ಹೊರತು ಮರುಪ್ರಶ್ನೆಗೆ ಅವಕಾಶ ನೀಡುವುದಿಲ್ಲ. ವಾಹನಗಳಲ್ಲಿ ಕರೆತಂದ ಕೇಳುಗ ಸಂಘಟಕರ ಪಾಲಿಗೆ ಒಂದು ತಲೆ, ಒಂದು ಎಣಿಕೆ. ಆದರೂ ಆತ ನಿಷ್ಕ್ರಿಯನಲ್ಲ. ಯಾವ ಮಾತಿಗೆ ಚಪ್ಪಾಳೆ ಬರಲಿಲ್ಲ, ಎಲ್ಲಿ ಮೌನ ಕವಿಯಿತು, ಯಾವಾಗ ಹಿಂದಿನ ಸಾಲು ಎದ್ದು ಹೋಯಿತು, ಪಕ್ಕದವನ ಕಿವಿಯಲ್ಲಿ ಏನು ನುಡಿಯಲಾಯಿತು ಎಂಬುವೆಲ್ಲ ಆತನ ಜವಾಬುಗಳೇ. ಇವು ಯಾವ ವರದಿಯಲ್ಲಿಯೂ ದೊರೆಯುವುದು ವಿರಳ.

ಕೇಳುಗನೇ ಮಾತುಗಾರನಾದ ನಿದರ್ಶನವೂ ಈ ಪರಿಸರಕ್ಕೆ ಹೊಂದಿಕೊಂಡೇ ಇದೆ. ಸವದತ್ತಿ ತಾಲೂಕಿನ ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ನಿರ್ಮಾಣವಾದ ಬಳಿಕ ಅಚ್ಚುಕಟ್ಟು ಪ್ರದೇಶದ ರೈತರ ಮೇಲೆ ನೀರಿನ ಕರ, ಅಭಿವೃದ್ಧಿ ಕರಗಳ ಹೊರೆ ಬಿದ್ದಿತು. ಇದನ್ನು ವಿರೋಧಿಸಿ ನರಗುಂದ, ನವಲಗುಂದಗಳಲ್ಲಿ ರೈತರು ನಡೆಸಿದ ಹೋರಾಟ 1980ರ ಜುಲೈ 21ರಂದು ಗೋಲಿಬಾರಿನಲ್ಲಿ ಪರ್ಯವಸಾನಗೊಂಡು ಜೀವಹಾನಿ ಸಂಭವಿಸಿತು. ಅಲ್ಲಿ ನೆರೆದವರು ಆಶ್ವಾಸನೆ ಕೇಳಲು ಬಂದವರಲ್ಲ, ಸವಾಲು ಹಾಕಲು ಬಂದವರು. 1983ರ ಚುನಾವಣೆಯ ನಂತರ ರಾಮಕೃಷ್ಣ ಹೆಗಡೆ ಅವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರ ಅಧಿಕಾರಕ್ಕೆ ಬಂದುದಕ್ಕೆ ರೈತರ ಅಸಮಾಧಾನವೂ ಒಂದು ಕಾರಣವೆಂದು ಗುರುತಿಸಲಾಗುತ್ತದೆ.

ಜನತಾ ಪ್ರಾತಿನಿಧ್ಯ ಕಾಯಿದೆ 1951ರ 126ನೆಯ ಕಲಮು ಮತದಾನ ಮುಗಿಯುವ ವೇಳೆಗೆ ಹಿಂದಿನ 48 ಗಂಟೆಗಳಲ್ಲಿ ಚುನಾವಣಾ ಬಹಿರಂಗ ಸಭೆಗಳನ್ನು ನಿಷೇಧಿಸುತ್ತದೆ. ವೇದಿಕೆ ಮೌನವಾಗುವ ಈ ಅವಧಿಯಲ್ಲಿ ಊರಿನ ಕಟ್ಟೆ ಮಾತನಾಡುತ್ತದೆ. ಸಭೆಯಲ್ಲಿ ಹತ್ತಿಕ್ಕಿಕೊಂಡ ಸವಾಲು ಅಲ್ಲಿ ಬಾಯಿ ಪಡೆಯುತ್ತದೆ. ಆದ್ದರಿಂದ ಪ್ರಚಾರ ಭಾಷೆಯ ಅಧ್ಯಯನ ಧ್ವನಿವರ್ಧಕದ ಎದುರು ಆರಂಭವಾದರೂ ಅಲ್ಲಿಗೇ ನಿಲ್ಲಲಾಗದು. ಕೇಳುಗನೊಂದಿಗೆ ಊರಿನ ಕಟ್ಟೆಯವರೆಗೂ ಅದು ನಡೆಯಬೇಕಾಗುತ್ತದೆ.