ದೇವರಮನೆಯ ಮಂಜು ಮತ್ತು ಮನೆಯ ಕ್ಯಾಮೆರಾ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಪಶ್ಚಿಮಘಟ್ಟಗಳ ಸಾಲಿನಲ್ಲಿ, ದೇವರಮನೆ ಎಂಬ ರಮ್ಯವಾದ ಸ್ಥಳವಿದೆ. ಬೆಟ್ಟದ ಮೇಲೆ ಕಾಲಭೈರವೇಶ್ವರನ ಪುರಾತನ ದೇವಾಲಯ. ಸುತ್ತಲೂ ಹುಲ್ಲು ಹೊದೆದ ಗುಡ್ಡಗಳು. ಗುಡ್ಡಗಳ ಸಂದಿನಲ್ಲಿ ದಟ್ಟವಾದ ಶೋಲಾ ಕಾಡು. ಕೆಳಗಿನ ಇಳಿಜಾರುಗಳಲ್ಲಿ ಕಾಫಿ, ಮೆಣಸುಗಳ ತೋಟಗಳು. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಮಂಜು ಮುಸುಕುತ್ತದೆ, ಚದರುತ್ತದೆ, ಮರಳಿ ಮುಸುಕುತ್ತದೆ. ಒಂದು ಗಳಿಗೆಯಲ್ಲಿ ಕಂಡ ಬೆಟ್ಟ ಮರುಗಳಿಗೆಯಲ್ಲಿ ಕಾಣುವುದಿಲ್ಲ. ಇಂತಹ ನೋಟವನ್ನು ಕಂಡವರಿಗೆ ಅದನ್ನು ಹಿಡಿದಿಟ್ಟುಕೊಳ್ಳಬೇಕೆಂಬ ಆಸೆ ಹುಟ್ಟುವುದು ಸಹಜ.

ಈ ಆಸೆಯನ್ನು ಪೂರೈಸಲು ಮನುಷ್ಯನು ಕ್ಯಾಮ್‌ಕಾರ್ಡರ್ ಎಂಬ ಯಂತ್ರವನ್ನು ನಿರ್ಮಿಸಿಕೊಂಡನು. ಕಾಫಿ ಸೀಮೆಯ ಅನೇಕ ಮನೆಗಳಲ್ಲಿ ಈ ಯಂತ್ರವು ಹಿಡಿದ ದೃಶ್ಯಗಳಿವೆ. ಮನೆಯ ಮದುವೆ, ಊರಿನ ಜಾತ್ರೆ, ತೋಟದಲ್ಲಿ ಹಣ್ಣು ಕೊಯ್ಯುವ ಕೈಗಳು, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಗುರಿಗೆ ಹೂವು, ಸೋಬಾನೆ ಪದ ಹೇಳುತ್ತಿರುವ ಅಜ್ಜಿ, ಎಲ್ಲವೂ ಅವುಗಳಲ್ಲಿ ಸೇರಿವೆ. ಆದರೆ ಸೆರೆಹಿಡಿದ ಮಾತ್ರಕ್ಕೆ ದೃಶ್ಯವು ಉಳಿದಂತಾಗುವುದಿಲ್ಲ. ಅದನ್ನು ಗಣಕಯಂತ್ರಕ್ಕೆ ಇಳಿಸಿ, ಬೇಡವಾದುದನ್ನು ಕತ್ತರಿಸಿ, ಬೇಕಾದುದನ್ನು ಕ್ರಮವಾಗಿ ಜೋಡಿಸಿ, ಇತರರು ನೋಡುವಂತೆ ಮಾಡಬೇಕು. ಈ ಕಾರ್ಯಕ್ಕೆ ಸಂಕಲನವೆಂದು ಹೆಸರು. ಸಂಕಲನಕ್ಕೆ ಕುಳಿತ ಎಷ್ಟೋ ಜನ ಮೊದಲ ಹೆಜ್ಜೆಯಲ್ಲಿಯೇ ಸೋತು ಕೈಬಿಡುತ್ತಾರೆ. ತಂತ್ರಾಂಶವು ಕಡತವನ್ನು ತೆರೆಯುವುದಿಲ್ಲ. ತೆರೆದರೂ ಚಿತ್ರವು ಮುಗ್ಗರಿಸುತ್ತ ಸಾಗುತ್ತದೆ. ಇಲ್ಲವೇ ಚಿತ್ರವಿದ್ದು ಧ್ವನಿಯೇ ಇರುವುದಿಲ್ಲ. ಇದು ಏಕೆ ಹೀಗಾಗುತ್ತದೆಂಬುದನ್ನು ತಿಳಿದರೆ ಪರಿಹಾರವೂ ತಾನಾಗಿಯೇ ಹೊಳೆಯುತ್ತದೆ.

ಮನೆಬಳಕೆಯ ಡಿಜಿಟಲ್ ವಿಡಿಯೋ ಪದ್ಧತಿಯು 1995ರಲ್ಲಿ ಬಳಕೆಗೆ ಬಂದಿತು. ಡಿವಿ ಎಂಬ ಹೆಸರಿನ ಈ ಪದ್ಧತಿಯಲ್ಲಿ, ನಮ್ಮ ದೇಶದ ದೂರದರ್ಶನದ ಅಳತೆಗೆ ತಕ್ಕಂತೆ, ಒಂದೊಂದು ಬಿಡಿಚಿತ್ರದಲ್ಲಿ ಅಡ್ಡಲಾಗಿ 720, ಉದ್ದಕ್ಕೆ 576 ಚುಕ್ಕೆಗಳಿರುತ್ತಿದ್ದವು. ಈ ಚುಕ್ಕೆಗಳಿಗೆ ಪಿಕ್ಸೆಲ್‌ಗಳೆಂದು ಹೆಸರು. 2003ರಲ್ಲಿ ಎಚ್‌ಡಿವಿ ಎಂಬ ಹೊಸ ಪದ್ಧತಿ ಬಂದಿತು. 2006ರಲ್ಲಿ ಸೋನಿ ಮತ್ತು ಪ್ಯಾನಸಾನಿಕ್ ಸಂಸ್ಥೆಗಳು ಎವಿಸಿಎಚ್‌ಡಿ ಎಂಬ ಇನ್ನೊಂದನ್ನು ಪ್ರಕಟಿಸಿದವು. ಇವು ಅಧಿಕ ಸ್ಪಷ್ಟತೆಯ ಪದ್ಧತಿಗಳು. ಪೂರ್ಣ ಪ್ರಮಾಣದ ಅಧಿಕ ಸ್ಪಷ್ಟತೆಯ ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳು. ಗುಣಿಸಿ ನೋಡಿದರೆ, ಹಳೆಯ ಚಿತ್ರದಲ್ಲಿ 4,14,720. ಹೊಸ ಚಿತ್ರದಲ್ಲಿ 20,73,600. ಸರಿಯಾಗಿ ಐದು ಪಟ್ಟು!

ಇಷ್ಟೊಂದು ವಿವರವನ್ನು ಇರಿಸುವುದೆಲ್ಲಿ? ಒಂದು ಪಿಕ್ಸೆಲ್ಲಿನ ಬಣ್ಣವನ್ನು ಹೇಳಲು ಮೂರು ಬೈಟುಗಳು ಬೇಕೆಂದು ಭಾವಿಸಿ, ಸೆಕೆಂಡಿಗೆ 25 ಬಿಡಿಚಿತ್ರಗಳಂತೆ ಲೆಕ್ಕ ಹಾಕಿದರೆ, ಒಂದು ಸೆಕೆಂಡಿನ ದೃಶ್ಯಕ್ಕೆ ಸುಮಾರು 15 ಕೋಟಿ 55 ಲಕ್ಷ ಬೈಟುಗಳಾಗುತ್ತವೆ. ಅಂಗೈಯಷ್ಟಗಲದ ಕ್ಯಾಮೆರಾ ಇಷ್ಟು ಭಾರವನ್ನು ಹೊರಲಾರದು. ಆದುದರಿಂದ ಅದು ದೃಶ್ಯವನ್ನು ಅದುಮಿ, ಮಡಿಸಿ, ಗಂಟು ಕಟ್ಟುತ್ತದೆ. ಎವಿಸಿಎಚ್‌ಡಿ ಪದ್ಧತಿಯು ಸೆಕೆಂಡಿಗೆ ಹೆಚ್ಚೆಂದರೆ 24 ಮೆಗಾಬಿಟ್, ಅಂದರೆ ಸುಮಾರು 30 ಲಕ್ಷ ಬೈಟುಗಳಿಗೆ ಈ ದೃಶ್ಯವನ್ನು ಇಳಿಸಲು ಮೊದಲು ಗೊತ್ತಾಗಿತ್ತು. ಮೂಲದ ಐವತ್ತರಲ್ಲಿ ಒಂದು ಭಾಗದಷ್ಟೇ ಉಳಿಯಿತೆಂದಾಯಿತು.

ಈ ಗಂಟು ಕಟ್ಟುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮಲೆನಾಡಿನ ತೋಟಗಳಲ್ಲಿ ದಿನದಿನದ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ವಾಡಿಕೆಯುಂಟು. ಒಬ್ಬ ರೈಟರು ಪ್ರತಿದಿನವೂ ಮಳೆಯ ಪೂರ್ಣ ಅಳತೆಯನ್ನು ಬರೆಯುತ್ತಾನೆ. ಮತ್ತೊಬ್ಬನು ಮೊದಲ ದಿನ ಮಾತ್ರ ಪೂರ್ಣ ಅಳತೆಯನ್ನು ಬರೆದು, ಅನಂತರ "ನಿನ್ನೆಗಿಂತ ಅರ್ಧ ಅಂಗುಲ ಹೆಚ್ಚು", "ನಿನ್ನೆಯಷ್ಟೇ", "ನಿನ್ನೆಗಿಂತ ಕಾಲು ಅಂಗುಲ ಕಡಮೆ" ಎಂದು ಬರೆಯುತ್ತಾ ಹೋಗುತ್ತಾನೆ. ಎರಡನೆಯವನ ಪುಸ್ತಕದಲ್ಲಿ ಹತ್ತನೆಯ ದಿನದ ಮಳೆ ಎಷ್ಟೆಂದು ತಿಳಿಯಬೇಕಾದರೆ ಮೊದಲ ದಿನದಿಂದ ಲೆಕ್ಕ ಹಾಕಿಕೊಂಡು ಬರಲೇಬೇಕು. ಡಿವಿ ಪದ್ಧತಿಯು ಮೊದಲ ರೈಟರನಂತೆ. ಅದರಲ್ಲಿ ಪ್ರತಿಯೊಂದು ಬಿಡಿಚಿತ್ರವೂ ಸ್ವತಂತ್ರ. ಎಚ್‌ಡಿವಿ ಮತ್ತು ಎವಿಸಿಎಚ್‌ಡಿಗಳು ಎರಡನೆಯವನಂತೆ. ಅವು ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಇರಿಸಿ, ನಡುವಿನ ಚಿತ್ರಗಳಲ್ಲಿ ಬದಲಾವಣೆಯನ್ನಷ್ಟೇ ದಾಖಲಿಸುತ್ತವೆ.

ಸುಮ್ಮನೆ ನೋಡುತ್ತಾ ಹೋಗುವವನಿಗೆ ಇದರಿಂದ ತೊಂದರೆಯಿಲ್ಲ. ಸಂಕಲನಕಾರನಾದರೋ ಮುಂದಕ್ಕೆ ಹೋಗುತ್ತಾನೆ, ಹಿಂದಕ್ಕೆ ಬರುತ್ತಾನೆ, ನಟ್ಟನಡುವಿನ ಯಾವುದೋ ಒಂದು ಬಿಡಿಚಿತ್ರದಲ್ಲಿ ಕತ್ತರಿಸುತ್ತಾನೆ. ಆಗೆಲ್ಲ ಗಣಕಯಂತ್ರವು ಹಿಂದಿನ ಪೂರ್ಣ ಚಿತ್ರಕ್ಕೆ ಓಡಿ, ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕಾಗುತ್ತದೆ. ಯಂತ್ರದ ಶಕ್ತಿ ಸಾಲದಿದ್ದರೆ ಚಿತ್ರವು ಮುಗ್ಗರಿಸುತ್ತದೆ. ಇನ್ನು ಗಂಟು ಬಿಚ್ಚುವ ವಿಧಾನವೇ ತಂತ್ರಾಂಶಕ್ಕೆ ತಿಳಿಯದಿದ್ದರೆ ಕಡತವು ತೆರೆಯುವುದೇ ಇಲ್ಲ. ಗಂಟು ಬಿಚ್ಚುವ ಈ ವಿಧಾನವನ್ನು ಕೋಡೆಕ್ ಎನ್ನುತ್ತಾರೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಮೂವಿ ಮೇಕರ್ ತಂತ್ರಾಂಶವು ಹೊಸ ಪದ್ಧತಿಯ ಕಡತಗಳನ್ನು ಓದಲಾರದಾಗಿತ್ತು. 2005ರಲ್ಲಿ ಆಪಲ್ ಸಂಸ್ಥೆಯ ಐಮೂವಿ ಎಚ್‌ಡಿ ಬೇರೊಂದು ದಾರಿ ಹಿಡಿಯಿತು. ಅದು ಎಚ್‌ಡಿವಿ ದೃಶ್ಯವನ್ನು ಒಳಗೆ ತೆಗೆದುಕೊಳ್ಳುವಾಗಲೇ ಗಂಟು ಬಿಚ್ಚಿ, ಪ್ರತಿಯೊಂದು ಬಿಡಿಚಿತ್ರವೂ ಸ್ವತಂತ್ರವಾಗಿರುವ ನಡುವಣ ರೂಪವೊಂದಕ್ಕೆ ಬದಲಾಯಿಸಿಕೊಳ್ಳುತ್ತಿತ್ತು. ಕಡತದ ಗಾತ್ರ ಹೆಚ್ಚಿದರೂ ಕೆಲಸ ಸುಗಮವಾಗುತ್ತಿತ್ತು.

ದೇವರಮನೆಯ ದೃಶ್ಯಗಳು ಈ ಪದ್ಧತಿಗಳಿಗೆ ಕಠಿಣವಾದ ಪರೀಕ್ಷೆಯನ್ನೇ ಒಡ್ಡುತ್ತವೆ. ಗೋಡೆಯ ಮುಂದೆ ಕುಳಿತು ಮಾತನಾಡುವ ವ್ಯಕ್ತಿಯ ಚಿತ್ರದಲ್ಲಿ ಬದಲಾವಣೆ ಅತ್ಯಲ್ಪ. ಗೋಡೆ ಎಂದಿನಂತೆಯೇ ಇರುತ್ತದೆ. ಬೆಟ್ಟದ ಗಾಳಿಗೆ ತೂಗುವ ಹುಲ್ಲಿನಲ್ಲಿಯಾದರೋ ಒಂದೊಂದು ಎಸಳೂ ಕ್ಷಣಕ್ಷಣಕ್ಕೆ ಬೇರೆಯಾಗುತ್ತದೆ. ಸುರಿಯುವ ಮಳೆಯೂ ಹಾಗೆಯೇ. ಬರೆಯಬೇಕಾದ ಬದಲಾವಣೆ ಬೆಟ್ಟದಷ್ಟಿದ್ದು, ಬರೆಯಲು ಗೊತ್ತುಮಾಡಿದ ಜಾಗ ಅಷ್ಟೇ ಇರುವುದರಿಂದ, ಕ್ಯಾಮೆರಾ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಹುಲ್ಲು ಕಲಸಿದಂತೆ, ಚೌಕಚೌಕವಾಗಿ ಕಾಣುತ್ತದೆ. ಮಂಜಿನ ತೊಡಕು ಬೇರೆ ಬಗೆಯದು. ಬಿಳುಪಿನಿಂದ ಬೂದು ಬಣ್ಣಕ್ಕೆ ಮಂಜು ಬಹು ನಯವಾಗಿ ಇಳಿಯುತ್ತದೆ. ಈ ಕ್ಯಾಮೆರಾಗಳು ಬೆಳಕನ್ನು ಎಂಟು ಬಿಟ್‌ಗಳಲ್ಲಿ, ಅಂದರೆ ಹೆಚ್ಚೆಂದರೆ 256 ಮೆಟ್ಟಿಲುಗಳಲ್ಲಿ ಅಳೆಯುತ್ತವೆ. ಸಂಕಲನದಲ್ಲಿ ಹೊಳಪನ್ನೂ ಗಾಢತೆಯನ್ನೂ ಅತಿಯಾಗಿ ಹೆಚ್ಚಿಸಿದರೆ ಆ ಮೆಟ್ಟಿಲುಗಳು ಮಂಜಿನಲ್ಲಿ ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತವೆ. ಆದ್ದರಿಂದ ಇಂತಹ ಸ್ಥಳಗಳಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಸ್ಥಿರವಾಗಿ ನಿಲ್ಲಿಸಿ, ಯಂತ್ರದ ಅತ್ಯುತ್ತಮ ಗುಣಮಟ್ಟವನ್ನೇ ಆರಿಸಿಕೊಂಡು ಚಿತ್ರಿಸುವುದು ಲೇಸು. ಕೈ ನಡುಗಿದರೆ ಬದಲಾವಣೆಯ ಹೊರೆ ಮತ್ತಷ್ಟು ಹೆಚ್ಚುತ್ತದೆ.

ಈಗ ಒಬ್ಬ ವಿದ್ಯಾರ್ಥಿಯು ಇಂತಹ ಕ್ಯಾಮೆರಾದಲ್ಲಿ ದೇವರಮನೆಯನ್ನು ಚಿತ್ರಿಸಿಕೊಂಡು ಬಂದಿದ್ದಾನೆಂದು ಭಾವಿಸೋಣ. ಅವನು ಅನುಸರಿಸಬೇಕಾದ ಕ್ರಮವೇನು?

ಮೊದಲನೆಯದಾಗಿ, ಕ್ಯಾಮೆರಾದ ಕಾರ್ಡಿನಲ್ಲಿರುವುದೆಲ್ಲವನ್ನೂ ಕಡತಕೋಶಗಳ ಸಮೇತ ಗಣಕಯಂತ್ರಕ್ಕೆ ನಕಲಿಸಬೇಕು. ಬೇಕೆನಿಸಿದ ಕಡತವೊಂದನ್ನೇ ಹೆಕ್ಕಿ ತೆಗೆಯುವುದು ತರವಲ್ಲ. ಕಾರ್ಡಿನ ವ್ಯವಸ್ಥೆಯಲ್ಲಿ ಒಂದು ಕಡತವು ನಾಲ್ಕು ಗಿಗಾಬೈಟನ್ನು ಮೀರಲಾರದಾಗಿದ್ದರೆ, ದೀರ್ಘವಾದ ದೃಶ್ಯವನ್ನು ಕ್ಯಾಮೆರಾ ತುಂಡುಗಳಾಗಿ ಬರೆದಿರುತ್ತದೆ. ಆ ತುಂಡುಗಳನ್ನು ಸರಿಯಾಗಿ ಸೇರಿಸುವ ವಿವರ ಇತರ ಕಡತಗಳಲ್ಲಿರುತ್ತದೆ. ಅದು ಕಳೆದುಹೋದರೆ ಬೆಸುಗೆಯಲ್ಲಿ ಧ್ವನಿ ಕಡಿದುಹೋಗುವ ಸಂಭವವುಂಟು.

ಎರಡನೆಯದಾಗಿ, ದೃಶ್ಯದ ಲಕ್ಷಣಗಳನ್ನು ತಿಳಿದು, ತಂತ್ರಾಂಶದಲ್ಲಿಯೂ ಅವನ್ನೇ ಗೊತ್ತುಪಡಿಸಬೇಕು. ಚಿತ್ರದ ಅಳತೆ ಎಷ್ಟು? ಸೆಕೆಂಡಿಗೆ ಎಷ್ಟು ಬಿಡಿಚಿತ್ರಗಳು? ಎಚ್‌ಡಿವಿಯ ಒಂದು ಬಗೆಯಲ್ಲಿ 1440 ಪಿಕ್ಸೆಲ್‌ಗಳನ್ನು ಅಡ್ಡಲಾಗಿ ಹಿಗ್ಗಿಸಿ ತೋರಿಸಬೇಕು. ತಂತ್ರಾಂಶಕ್ಕೆ ಇದನ್ನು ತಿಳಿಸದಿದ್ದರೆ ಮನುಷ್ಯರೆಲ್ಲ ಕೃಶರಾಗಿ ಕಾಣುತ್ತಾರೆ. ಕೆಲವು ಕ್ಯಾಮೆರಾಗಳು ಬೆಸಸಂಖ್ಯೆಯ ಗೆರೆಗಳನ್ನು ಒಮ್ಮೆ, ಸಮಸಂಖ್ಯೆಯ ಗೆರೆಗಳನ್ನು ಮತ್ತೊಮ್ಮೆ ಹಿಡಿಯುತ್ತವೆ. ಇದನ್ನು ಗಮನಿಸದೆ ಗಣಕಯಂತ್ರದ ಪರದೆಯಲ್ಲಿ ನೋಡಿದರೆ, ಚುರುಕಾಗಿ ಹಣ್ಣು ಬಿಡಿಸುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು ಕಾಣುತ್ತವೆ.

ಮೂರನೆಯದಾಗಿ, ಗಣಕಯಂತ್ರದ ಶಕ್ತಿಗೆ ಅನುಗುಣವಾದ ಉಪಾಯವನ್ನು ಆರಿಸಿಕೊಳ್ಳಬೇಕು. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದ್ದರೆ ದೃಶ್ಯವನ್ನು ನಡುವಣ ರೂಪಕ್ಕೆ ಪರಿವರ್ತಿಸಬಹುದು. ಜಾಗವೂ ಶಕ್ತಿಯೂ ಕಡಮೆಯಿದ್ದರೆ, ಮೂಲದ ಬದಲಿಗೆ ಅದರ ಚಿಕ್ಕ ಗಾತ್ರದ ಪ್ರತಿಯೊಂದನ್ನು ಮಾಡಿಕೊಂಡು ಸಂಕಲಿಸಬಹುದು. ಇದಕ್ಕೆ ಪ್ರಾಕ್ಸಿ ಎಂದು ಹೆಸರು. ಕತ್ತರಿಸಿ ಜೋಡಿಸುವ ಕೆಲಸವೆಲ್ಲ ಪ್ರಾಕ್ಸಿಯ ಮೇಲೆ ನಡೆಯುತ್ತದೆ. ಕೊನೆಯಲ್ಲಿ ತಂತ್ರಾಂಶವು ಅದೇ ಕ್ರಮವನ್ನು ಮೂಲ ದೃಶ್ಯಕ್ಕೆ ಅನ್ವಯಿಸಿ ಚಿತ್ರವನ್ನು ಸಿದ್ಧಪಡಿಸುತ್ತದೆ. ಉಚಿತವಾಗಿ ದೊರೆಯುವ ಕೆಡೆನ್‌ಲೈವ್, ಶಾಟ್‌ಕಟ್ ಮೊದಲಾದ ತಂತ್ರಾಂಶಗಳಲ್ಲಿ ಈ ಅನುಕೂಲವಿದೆ. ಮಳೆಗಾಲದಲ್ಲಿ ಮಲೆನಾಡಿನ ವಿದ್ಯುತ್ತನ್ನು ನೆಚ್ಚುವಂತಿಲ್ಲವಾದ್ದರಿಂದ, ಮಾಡಿದ ಕೆಲಸವನ್ನು ಆಗಾಗ ಉಳಿಸುತ್ತಿರುವುದನ್ನೂ ಮರೆಯಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಮೂಲವನ್ನು ಎಂದಿಗೂ ಅಳಿಸಬಾರದು. ತೋಟದಿಂದ ಹೊರಡುವ ಪಾರ್ಚ್‌ಮೆಂಟ್ ಕಾಫಿಯ ಬೀಜಕ್ಕೆ ಹೊಟ್ಟು ಅಂಟಿಕೊಂಡೇ ಇರುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೊಟ್ಟು ತೆಗೆದು, ಅನಂತರ ಹುರಿದು ಪುಡಿ ಮಾಡುತ್ತಾರೆ. ಬೀಜವಿದ್ದರೆ ಬೇಕಾದಾಗ ಪುಡಿ ಮಾಡಬಹುದು. ಪುಡಿಯನ್ನು ಮತ್ತೆ ಬೀಜ ಮಾಡಲಾಗದು. ಸಂಕಲಿಸಿದ ಚಿತ್ರವು ಪುಡಿಯಿದ್ದಂತೆ. ಅದನ್ನೇ ಮತ್ತೆ ಮತ್ತೆ ತೆರೆದು ಅದುಮಿದರೆ ಪ್ರತಿಸಲವೂ ಒಂದಿಷ್ಟು ವಿವರ ನಷ್ಟವಾಗುತ್ತದೆ. ಮೂಲದ ಒಂದು ಪ್ರತಿ ಮನೆಯಲ್ಲಿಯೂ ಮತ್ತೊಂದು ಪ್ರತಿ ಬೇರೆಡೆಯಲ್ಲಿಯೂ ಇರುವುದು ಕ್ಷೇಮ.

ಇಂದು ಕ್ಯಾಮ್‌ಕಾರ್ಡರಿನ ಸ್ಥಾನವನ್ನು ಬಹುಮಟ್ಟಿಗೆ ಮೊಬೈಲ್ ಫೋನ್ ಆಕ್ರಮಿಸಿದೆ. ಸಮಸ್ಯೆ ಮಾತ್ರ ರೂಪ ಬದಲಿಸಿಕೊಂಡು ಉಳಿದಿದೆ. 2013ರಲ್ಲಿ ಅಂಗೀಕೃತವಾದ ಎಚ್‌ಇವಿಸಿ ಎಂಬ ಇನ್ನೂ ಬಿಗಿಯಾದ ಪದ್ಧತಿಯಲ್ಲಿ ಅನೇಕ ಫೋನುಗಳು ದೃಶ್ಯವನ್ನು ಬರೆಯುತ್ತವೆ. ಸೆಕೆಂಡಿಗೆ ಇಷ್ಟೇ ಬಿಡಿಚಿತ್ರಗಳೆಂಬ ನಿಯಮವನ್ನೂ ಎಷ್ಟೋ ಫೋನುಗಳು ಪಾಲಿಸುವುದಿಲ್ಲ. ಅಂತಹ ದೃಶ್ಯವನ್ನು ಸಂಕಲಿಸಿದಾಗ ಅಜ್ಜಿಯ ತುಟಿ ಒಂದು ಕಡೆಗೆ, ಹಾಡು ಇನ್ನೊಂದು ಕಡೆಗೆ ಸರಿಯುವುದುಂಟು. ಇಲ್ಲಿಯೂ ಉಪಾಯ ಅದೇ: ಮೊದಲು ಬಿಡಿಚಿತ್ರಗಳ ವೇಗವನ್ನು ಸಮಗೊಳಿಸಿ, ಬಳಿಕ ಸಂಕಲನಕ್ಕೆ ತೊಡಗುವುದು.

ಹಳೆಯ ಕ್ಯಾಸೆಟ್ಟುಗಳ ಸ್ಥಿತಿ ಇನ್ನೂ ಕಳವಳಕಾರಿಯಾದುದು. ಎಚ್‌ಡಿವಿ ಕ್ಯಾಸೆಟ್ಟಿನಲ್ಲಿರುವ ಒಂದು ಗಂಟೆಯ ದೃಶ್ಯವನ್ನು ಇಳಿಸಲು ಪೂರ್ತಿ ಒಂದು ಗಂಟೆ ಬೇಕು. ಅದಕ್ಕೆ ಬೇಕಾದ ಫೈರ್‌ವೈರ್ ಎಂಬ ಜೋಡಣೆ ಹೊಸ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕ್ಯಾಸೆಟ್ಟನ್ನು ಓಡಿಸುವ ಕ್ಯಾಮೆರಾಗಳೂ ವರ್ಷದಿಂದ ವರ್ಷಕ್ಕೆ ಕೆಟ್ಟು ಮೂಲೆ ಸೇರುತ್ತಿವೆ. ಇದರೊಡನೆ ಮಲೆನಾಡಿನ ತೇವವೂ ಸೇರಿಕೊಳ್ಳುತ್ತದೆ. ಬೀರುವಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುವ ಈ ನಾಡಿನಲ್ಲಿ ಕ್ಯಾಸೆಟ್ಟಿನ ನಾಡಾಕ್ಕೂ ಕ್ಯಾಮೆರಾದ ಮಸೂರಕ್ಕೂ ಬೂಷ್ಟು ಹಿಡಿಯುತ್ತದೆ. ತೀರಿಕೊಂಡ ಹಿರಿಯರ ಧ್ವನಿ ಅಂತಹ ಒಂದೇ ಒಂದು ನಾಡಾದಲ್ಲಿ ಉಳಿದಿರಬಹುದು. ಅದು ಅಳಿದರೆ ಯಾವ ಹಣವೂ ಅದನ್ನು ಮರಳಿ ತರಲಾರದು.

ಮೂಡಿಗೆರೆಯಲ್ಲಿ ನೆಲಸಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (1938–2007) ಕಾಫಿ ಬೆಳೆಯುತ್ತಲೇ ಹಕ್ಕಿಗಳ ಚಿತ್ರ ತೆಗೆದರು; ಜೀವನದ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಅಭಿವೃದ್ಧಿಗಾಗಿಯೂ ಶ್ರಮಿಸಿದರು. ಹಳ್ಳಿಯಲ್ಲಿರುವವನಿಗೆ ಯಂತ್ರದ ಒಳಗುಟ್ಟು ಏಕೆ ಎಂದು ಅವರು ಸುಮ್ಮನಿರಲಿಲ್ಲ. ಈ ಮನೋಭಾವ ಎಲ್ಲರಿಗೂ ಅನುಕರಣೀಯವಾದುದು. ಯಂತ್ರವನ್ನು ಕೊಂಡವನು ಅದರ ಒಡೆಯನಾಗುವುದಿಲ್ಲ. ಅದು ತನ್ನ ದೃಶ್ಯವನ್ನು ಹೇಗೆ ಗಂಟು ಕಟ್ಟಿದೆ, ಆ ಗಂಟನ್ನು ಹೇಗೆ ಬಿಚ್ಚಬೇಕು ಎಂಬುದನ್ನು ಅರಿತವನೇ ಒಡೆಯನು. ಮನೆಯ ಬೀರುವಿನಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ, ಮುಂದಿನ ಮಳೆಗಾಲ ಬರುವುದಕ್ಕೆ ಮುನ್ನ ಅವುಗಳನ್ನು ಹೊರತೆಗೆದು ನೋಡುವುದು ಇಂದಿನ ವಿದ್ಯಾರ್ಥಿಗಳು ತಮ್ಮ ಮನೆತನಕ್ಕೂ ನಾಡಿಗೂ ಸಲ್ಲಿಸಬಹುದಾದ ಒಂದು ಸೇವೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಸಂಕಲನವೆಂದರೇನು?
2. ಎವಿಸಿಎಚ್‌ಡಿ ಪದ್ಧತಿಯನ್ನು ಯಾವ ವರ್ಷದಲ್ಲಿ ಪ್ರಕಟಿಸಲಾಯಿತು?
3. ಪ್ರಾಕ್ಸಿ ಎಂದರೇನು?

ಆ) ಮೂರು–ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ:
1. ಇಬ್ಬರು ರೈಟರುಗಳ ಮಳೆಯ ಲೆಕ್ಕದ ಉದಾಹರಣೆಯಿಂದ ಏನು ತಿಳಿಯುತ್ತದೆ?
2. ತೂಗುವ ಹುಲ್ಲು ಮತ್ತು ಮಂಜು ಕ್ಯಾಮೆರಾಕ್ಕೆ ಒಡ್ಡುವ ತೊಡಕುಗಳು ಯಾವುವು?
3. ಮೂಲ ದೃಶ್ಯವನ್ನು ಪಾರ್ಚ್‌ಮೆಂಟ್ ಕಾಫಿಗೆ ಹೋಲಿಸಿರುವುದು ಏಕೆ?

ಇ) ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ:
ಕೈಬಿಡು, ಅನುಗುಣ, ನೆಚ್ಚು, ಮೂಲೆ ಸೇರು.

ಈ) ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಉಳಿದಿರುವ ಹಳೆಯ ಧ್ವನಿ, ಚಿತ್ರ, ದೃಶ್ಯಗಳ ಪಟ್ಟಿಯೊಂದನ್ನು ತಯಾರಿಸಿ, ಅವು ಯಾವ ಸ್ಥಿತಿಯಲ್ಲಿವೆಯೆಂದು ಬರೆಯಿರಿ.