ಗಂಡು ಗೊಂಬೆಯ ಪರೀಕ್ಷೆ

ನವರಾತ್ರಿ ಸಮೀಪಿಸಿತೆಂದರೆ ಹಳೆಯ ಯಲಹಂಕದ ಕೆಲವು ಮನೆಗಳಲ್ಲಿ ಗೊಂಬೆಗಳ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿಯುತ್ತದೆ. ನೋಡಬಂದವರು ಪಟ್ಟದ ರಾಣಿಯ ಜರಿಸೀರೆಯನ್ನು ಹೊಗಳುತ್ತಾರೆ. ರಾಜನನ್ನಾಗಲಿ, ಅಂಗಡಿಯಿಟ್ಟು ಕುಳಿತ ಶೆಟ್ಟಿಯನ್ನಾಗಲಿ ಯಾರೂ ನಿಟ್ಟಿಸಿ ನೋಡುವುದಿಲ್ಲ. ಕುಶಲಕರ್ಮಿಯ ಕೈಯನ್ನು ಅಳೆಯಲು ಗಂಡು ಗೊಂಬೆಯೇ ಒಳ್ಳೆಯ ಒರೆಗಲ್ಲೆಂಬುದು ನನ್ನ ಅಭಿಪ್ರಾಯ. ಸೀರೆ ನೂರು ತಪ್ಪುಗಳನ್ನು ಮುಚ್ಚೀತು. ಬರಿಮೈಯಲ್ಲಿ ಪಂಚೆಯುಟ್ಟು ಕುಳಿತ ಶೆಟ್ಟಿಗೆ ಆ ಸೌಕರ್ಯವಿಲ್ಲ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ಕಲಾಪ್ರೇಮದಿಂದಲ್ಲ. ನನ್ನ ವ್ಯಾಸಂಗದ ಖರ್ಚಿಗಾಗಿ ಅಜ್ಜಿ ತನ್ನ ತವರಿನಿಂದ ಬಂದ ಪಟ್ಟದ ಜೋಡಿಯನ್ನು ಮಾರಲು ಮನಸ್ಸು ಮಾಡಿದ್ದಳು. ಕೊಳ್ಳಬಂದ ವ್ಯಾಪಾರಿ, ಇದು ಬಣ್ಣ ಬಳಿದ ಕಾಡುಮರವೆಂದು ಹೇಳಿ ಬಹಳ ಕಡಿಮೆ ಬೆಲೆ ಕಟ್ಟಿದನು. ಅಜ್ಜಿ ನನ್ನ ಮುಖ ನೋಡಿದಳು. ಕಾಲೇಜಿನಲ್ಲಿ ಓದುವ ಹುಡುಗನಿಗೆ ಇಷ್ಟಾದರೂ ತಿಳಿದಿರಬೇಡವೆ? ನನಗೆ ಏನೂ ತಿಳಿದಿರಲಿಲ್ಲ. "ನಾಳೆ ಬನ್ನಿ" ಎಂದು ಅವನನ್ನು ಕಳುಹಿಸಿಕೊಟ್ಟೆವು.

ಅಂದು ರಾತ್ರಿ ರಾಜನ ರೇಷ್ಮೆಯ ಉಡುಪನ್ನೂ ಪೇಟವನ್ನೂ ಬಿಚ್ಚಿದೆವು. ಗೊಂಬೆಯನ್ನು ಬಟ್ಟೆಯೊಡನೆ ಪರೀಕ್ಷಿಸುವುದು ಪುಸ್ತಕವನ್ನು ರಟ್ಟಿನಿಂದ ವಿಮರ್ಶಿಸಿದಂತೆ. ಪಟ್ಟದ ಗೊಂಬೆಗಳಿಗೆ ಹೆಸರಾದ ಮರ ರಕ್ತಚಂದನ. ಆಂಧ್ರದ ಕಡಪ, ಚಿತ್ತೂರು ಸೀಮೆಯ ಬೆಟ್ಟಗಳಲ್ಲಿ ಬೆಳೆಯುವ ಈ ಮರದ ಚೇಗು ಒಳಗೂ ಹೊರಗೂ ಒಂದೇ ಕೆಂಪು; ನೀರಿನಲ್ಲಿ ಮುಳುಗುವಷ್ಟು ಭಾರ. ಬಣ್ಣ ಹಚ್ಚಿದ ಮರವಾದರೋ ಮೇಲೆ ಕೆಂಪಾಗಿದ್ದು, ಒಳಗೆ ಬಿಳಿಚಿಕೊಂಡಿರುತ್ತದೆ. ಆದುದರಿಂದ ಮುಖವನ್ನು ಬಿಟ್ಟು ಪೀಠದ ಅಡಿಯನ್ನು ನೋಡಬೇಕು. ಅಲ್ಲಿ ಹಳೆಯ ಪೆಟ್ಟಿನಿಂದ ಚಕ್ಕೆಯೆದ್ದ ಜಾಗವೊಂದಿತ್ತು. ದೀಪ ಹಿಡಿದು ನೋಡಿದರೆ ಆಳದವರೆಗೂ ಗಾಢವಾದ ಕೆಂಪು. ಗೊಂಬೆಯೂ ಗಾತ್ರಕ್ಕೆ ಮೀರಿದ ತೂಕವುಳ್ಳದ್ದಾಗಿತ್ತು. ಈಗ ಈ ಮರವನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಕಟ್ಟುನಿಟ್ಟಾದ ನಿರ್ಬಂಧಗಳಿರುವುದರಿಂದ ಹಳೆಯ ಗೊಂಬೆಗೆ ಬೆಲೆ ಹೆಚ್ಚು.

ಹಾಗೆಂದು ತೂಕವೊಂದನ್ನೇ ನಂಬಬಾರದು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಮಾಡುವ ಗೊಂಬೆಗಳಿಗೆ ಹಗುರವಾದ ಮರವೇ ಬೇಕು. ಮರದ ಹೊಟ್ಟು, ಸೆಣಬಿನ ನಾರು, ಹುಣಿಸೆಬೀಜದ ಅಂಟು ಇವನ್ನು ಕಲಸಿದ 'ಕಿಟ್ಟ'ದಿಂದ ಭಾಗಗಳನ್ನು ಬೆಸೆದು ಮೈಯನ್ನು ನುಣುಪುಗೊಳಿಸುತ್ತಾರೆ; ಬೆಣಚುಕಲ್ಲಿನ ಪುಡಿಯ ಲೇಪದಿಂದ ಆಭರಣಗಳನ್ನು ಉಬ್ಬಿಸುತ್ತಾರೆ. ಅಲ್ಲಿ ನೋಡತಕ್ಕದ್ದು ಬೆಸುಗೆಯನ್ನು. ಭುಜದ ಬಳಿ ಬೆರಳಾಡಿಸಿದಾಗ ಬಿರುಕು ತಗುಲಿದರೆ ಕೆಲಸ ಅವಸರದ್ದು.

ಮಣ್ಣಿನ ಶೆಟ್ಟಿಯ ಪರೀಕ್ಷೆ ಬೇರೆ. ಬೆರಳಿನಿಂದ ಮೆಲ್ಲನೆ ತಟ್ಟಿದರೆ ಚೆನ್ನಾಗಿ ಸುಟ್ಟ ಮಣ್ಣು ಕಣಕಣಿಸುತ್ತದೆ. ಒಳಗೆ ಸೀಳಿದ್ದರೆ ಮಂಕಾದ ಸದ್ದು. ಚಕ್ಕೆಯೆದ್ದ ಕಡೆ ಸುಣ್ಣದಂತೆ ಬಿಳುಪಾಗಿದ್ದರೆ ಅದು ಪ್ಲಾಸ್ಟರ್. ಅಚ್ಚಿನಲ್ಲಿ ಎರಡು ಹೋಳಾಗಿ ತೆಗೆದ ಗೊಂಬೆಗೆ ಕಿವಿಯ ಹಿಂದಿನಿಂದ ಪಕ್ಕೆಯವರೆಗೆ ಒಂದು ಗೆರೆ ಉಳಿಯುತ್ತದೆ. ಆ ಗೆರೆಯನ್ನು ಅಳಿಸುವ ತಾಳ್ಮೆ ಇದ್ದವನೇ ಕುಶಲಿ. ಬಂಗಾಳದ ಕೃಷ್ಣನಗರದ ಕುಂಬಾರರು ಮಣ್ಣಿನ ಮನುಷ್ಯನನ್ನು ಜೀವಂತನಂತೆ ತೋರಿಸುವುದರಲ್ಲಿ ಪ್ರಸಿದ್ಧರು. 1851ರ ಲಂಡನ್ ಮಹಾಪ್ರದರ್ಶನಕ್ಕೂ ಅವರ ಗೊಂಬೆಗಳು ಹೋಗಿದ್ದವು.

ಇನ್ನು ರೂಪದ ಮಾತು. ಬೆಳೆದ ಗಂಡಸಿನ ಎತ್ತರ ಅವನ ತಲೆಯ ಸುಮಾರು ಏಳೂವರೆಯಷ್ಟು. ನಮ್ಮ ಸಂತೆಯ ಗೊಂಬೆಗಳಲ್ಲಿ ಇದು ನಾಲ್ಕಕ್ಕೋ ಐದಕ್ಕೋ ಇಳಿದಿರುವುದರಿಂದ ಸಿಪಾಯಿಯು ಮೀಸೆ ಬಂದ ಮಗುವಿನಂತೆ ಕಾಣುತ್ತಾನೆ. ಕಿವಿಯು ಹುಬ್ಬಿನಿಂದ ಮೂಗಿನ ತುದಿಯವರೆಗಿನ ಅಳತೆಯಲ್ಲಿದೆಯೆ, ಎರಡು ಕಣ್ಣುಗಳೂ ಒಂದೇ ಕಡೆ ನೋಡುತ್ತಿವೆಯೆ, ಬೆರಳುಗಳು ಬೇರೆಬೇರೆಯಾಗಿವೆಯೆ ಅಥವಾ ಮುದ್ದೆಯ ಮೇಲೆ ಕೊರೆದ ಗೆರೆಗಳೆ, ಇವೆಲ್ಲ ನೋಡತಕ್ಕವು. ನಮ್ಮ ಶೆಟ್ಟಿಯ ಹೊಟ್ಟೆ ಪಂಚೆಯ ಗಂಟಿನ ಮೇಲೆ ತುಸು ಜೋತಿದೆ. ಮಾಡಿದವನು ನಿಜವಾದ ಶೆಟ್ಟಿಯೊಬ್ಬನನ್ನು ಬಹಳ ಹೊತ್ತು ನೋಡಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಶೆಟ್ಟಿಯನ್ನು ಕೆಡಿಸಿದವನು ನಾನೇ. ಮೂರು ವರ್ಷಗಳ ಹಿಂದೆ, ಹೊಸದಾಗಿ ಕಾಣಲೆಂದು ಅವನಿಗೆ ಕಿಟಕಿಗೆ ಹಚ್ಚುವ ಎನಾಮಲ್ ಬಳಿದೆ. ಅಜ್ಜಿ ಬೇಡವೆಂದಿದ್ದಳು. ಮಣ್ಣು ತೇವವನ್ನು ಹೀರಿ ಮತ್ತೆ ಬಿಡುತ್ತದೆ. ಎನಾಮಲ್ ಅದಕ್ಕೆ ಬಾಗಿಲು ಮುಚ್ಚಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಬಣ್ಣ ಹಪ್ಪಳದಂತೆ ಎದ್ದು, ತನ್ನೊಡನೆ ಹಳೆಯ ಬಣ್ಣವನ್ನೂ ಹುಬ್ಬು ಮೀಸೆಗಳನ್ನೂ ಕಿತ್ತುಕೊಂಡು ಬಂದಿತು. ಪಾಟರಿ ಟೌನಿನ ಕುಂಬಾರರೊಬ್ಬರಿಗೆ ತೋರಿಸಿದೆ. ಮೀಸೆಯನ್ನು ಬರೆಯಬಹುದು, ಆದರೆ ಅದು ಈ ಶೆಟ್ಟಿಯ ಮೀಸೆಯಾಗಲಾರದು ಎಂದರು.

ಮರುದಿನ ವ್ಯಾಪಾರಿ ಬಂದಾಗ ರಾಜನ ಪೀಠವನ್ನು ತಿರುಗಿಸಿ ತೋರಿಸಿದೆ. ಅವನು ಏನೂ ವಾದಿಸದೆ ಮೊದಲಿನ ಬೆಲೆಯನ್ನು ಮೂರುಪಟ್ಟು ಮಾಡಿದನು. ಅಜ್ಜಿಗೆ ಅದರಿಂದಲೇ ಸಿಟ್ಟು ಬಂದು ಮಾರುವ ಮಾತನ್ನೇ ಬಿಟ್ಟಳು. ನಾನು ಸಂಜೆಯ ಹೊತ್ತು ಹೆಬ್ಬಾಳದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಹೋಗಬೇಕಾಯಿತು, ಈಗಲೂ ಹೋಗುತ್ತಿದ್ದೇನೆ. ಈ ಬಾರಿ ರಾಜನು ಮೇಲಿನ ಮೆಟ್ಟಿಲಿನಲ್ಲಿ ಹೊಸ ಪೇಟ ಧರಿಸಿ ನಿಂತಿದ್ದನು. ಮೀಸೆಯಿಲ್ಲದ ಶೆಟ್ಟಿಯನ್ನು ನಾನು ಹಿಂದಕ್ಕೆ ಸರಿಸಿಟ್ಟಿದ್ದೆ. ಅಜ್ಜಿ ಅವನನ್ನು ಮತ್ತೆ ಮುಂದಕ್ಕೆ ತಂದು, ಅವನೆದುರು ಎಂದಿನಂತೆ ಅಕ್ಕಿ, ಬೇಳೆ, ಬೆಲ್ಲಗಳ ಪುಟ್ಟ ಬಟ್ಟಲುಗಳನ್ನು ಜೋಡಿಸಿದಳು.